ಡ್ಯಾಕ್ ಕಾರ್ಡಿನ ಒಂದು ಚಾನೆಲ್ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು?

ಡ್ಯಾಕ್ ಕಾರ್ಡ್ ಅಂದರೆ ಡೇಟಾ ಅಕ್ವಿಸಿಷನ್ ಕಾರ್ಡ್, ಸೆನ್ಸರಿನಿಂದ ಬರುವ ವೋಲ್ಟೇಜನ್ನು ಅಂಕಿಯಾಗಿ ಬದಲಿಸಿ ಕಂಪ್ಯೂಟರಿಗೆ ಕೊಡುವಂಥದ್ದು; ಒಂದೊಂದು ಸೆನ್ಸರ್ ಸೇರುವ ಇನ್‌ಪುಟ್ಟೇ ಒಂದೊಂದು ಚಾನೆಲ್. ಬೆಳಗಾವಿಯ ಉದ್ಯಮಬಾಗ್ ಕಡೆ ಟೆಸ್ಟ್ ಬೆಂಚ್ ಮೇಲೆ ಕೆಲಸ ಮಾಡುವ ಹುಡುಗರಿಂದ ನಾನು ಜಾಸ್ತಿ ಕೇಳುವ ಮಾತು ಇದು: "ಸರ, ಮೂರನೇ ಚಾನೆಲ್ ಸತ್ತೈತ್ರಿ, ಹೊಸ ಕಾರ್ಡ್ ತರಸಬೇಕು ನೋಡ್ರಿ." ಪ್ರಾಜೆಕ್ಟ್ ಮಾಡುವ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಇದನ್ನೇ ಹೇಳುತ್ತಾರೆ. ದಯವಿಟ್ಟು ಅಷ್ಟು ಬೇಗ ತೀರ್ಮಾನಕ್ಕೆ ಬರಬೇಡಿ. ನಾನು ನೋಡಿದ ಹೆಚ್ಚಿನ ಕೇಸ್‌ಗಳಲ್ಲಿ ಕಾರ್ಡ್ ಚೆನ್ನಾಗಿಯೇ ಇರುತ್ತದೆ. ತಪ್ಪು ವೈರಿನಲ್ಲಿರುತ್ತದೆ, ಟರ್ಮಿನಲ್ ಸ್ಕ್ರೂನಲ್ಲಿರುತ್ತದೆ, ಇಲ್ಲಾ ಸಾಫ್ಟ್‌ವೇರ್‌ನಲ್ಲಿ ಯಾರೋ ಬದಲಿಸಿದ ಒಂದು ಸೆಟ್ಟಿಂಗ್‌ನಲ್ಲಿರುತ್ತದೆ. ಕಾರ್ಡ್ ದುಬಾರಿ, ಬದಲಿ ಬರೋದು ತಡ, ಮತ್ತು ಕಾರಣ ಹೊರಗೇ ಉಳಿದಿದ್ದರೆ ಹೊಸ ಕಾರ್ಡ್ ಹಾಕಿದರೂ ಅದೇ ತೊಂದರೆ ಮುಂದುವರಿಯುತ್ತದೆ. ಹಾಗಾಗಿ ಯಾವ ಕ್ರಮದಲ್ಲಿ ಹುಡುಕಬೇಕು ಅಂತ ಬಿಡಿಸಿ ಹೇಳುತ್ತೇನೆ.

ಬೇಕಾಗುವ ಸಾಮಾನು ಕಡಿಮೆ. ಒಂದು ಮಲ್ಟಿಮೀಟರ್, ಸಣ್ಣ ಸ್ಕ್ರೂಡ್ರೈವರ್, 1.5 ವೋಲ್ಟಿನ ಒಂದು ಸೆಲ್, ಒಂದೆರಡು 10 ಕಿಲೋ ಓಮ್ ರೆಸಿಸ್ಟರ್, ಒಂದು 1 ಮೆಗಾ ಓಮ್ ರೆಸಿಸ್ಟರ್, ಗಿಡ್ಡ ವೈರಿನ ತುಂಡುಗಳು, ಒಂದು ನೋಟ್‌ಬುಕ್. ನೋಟ್‌ಬುಕ್ ಅಂದದ್ದನ್ನು ಹಗುರವಾಗಿ ತಗೋಬೇಡಿ. ಯಾವ ವೈರ್ ಎಲ್ಲಿತ್ತು, ಎಲ್ಲಿಗೆ ಹಾಕಿದೆ, ರೀಡಿಂಗ್ ಎಷ್ಟು ಬಂತು ಅಂತ ಬರೆಯದೆ ಹೋದರೆ ಅರ್ಧ ಗಂಟೆಯಲ್ಲಿ ತಲೆ ಕೆಟ್ಟು ಹೋಗುತ್ತದೆ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಟರ್ಮಿನಲ್ ಬ್ಲಾಕಿನ ಫೋಟೋ ತೆಗೆದಿಡಿ.

ಇನ್ನೊಂದು ಮಾತು ಮೊದಲೇ. ಆ ಚಾನೆಲ್‌ಗೆ ಬರುವ ವೈರ್ ಎಲ್ಲಾದರೂ 230 ವೋಲ್ಟಿನ ಲೈನಿಗೆ, ಮೋಟರ್ ಡ್ರೈವಿಗೆ, ಹೀಟರಿಗೆ ತಾಗಿರುವ ಅನುಮಾನ ಇದ್ದರೆ ಕೈ ಹಾಕುವ ಮುಂಚೆ ಮೇನ್ ಆಫ್ ಮಾಡಿ, ಮೀಟರ್‌ನಿಂದ ನೋಡಿ. ಇದರಲ್ಲಿ ಅವಸರ ಬೇಡವೇ ಬೇಡ.

ಈಗ ರೀಡಿಂಗ್ ನೋಡಿ. ಚಾನೆಲ್ ಹಾಳಾಗಿದೆ ಅಂದರೆ ಏನಾಗಿದೆ? 10 ವೋಲ್ಟ್ ಹತ್ತಿರ ಹೋಗಿ ಅಂಟಿಕೊಂಡಿದೆಯಾ? ಸೊನ್ನೆಯಲ್ಲೇ ನಿಂತಿದೆಯಾ? ಪಕ್ಕದ ಚಾನೆಲ್ ಏನು ತೋರಿಸುತ್ತದೋ ಅದನ್ನೇ ಸ್ವಲ್ಪ ಕಡಿಮೆ ಮಾಡಿ ತೋರಿಸುತ್ತಿದೆಯಾ? ಸರಾಸರಿ ಸರಿ ಇದ್ದು ಮೇಲೆ ಕೆಳಗೆ ಜಿಗಿಯುತ್ತಿದೆಯಾ? ಇಲ್ಲಾ ಬೆಳಿಗ್ಗೆ ಸರಿ ಇದ್ದದ್ದು ಮಧ್ಯಾಹ್ನಕ್ಕೆ ನಿಧಾನವಾಗಿ ಸರಿದಿದೆಯಾ? ಈ ಒಂದೊಂದಕ್ಕೂ ಕಾರಣ ಬೇರೆ. "ಸರಿಯಾಗಿ ಬರುತ್ತಿಲ್ಲ" ಅಂತ ಬರೆದಿಟ್ಟರೆ ಯಾರಿಗೂ ಉಪಯೋಗ ಇಲ್ಲ, ಅಂಕಿ ಬರೆಯಿರಿ.

ಮೊದಲ ಪರೀಕ್ಷೆ ಅದಲು ಬದಲು. ಮೂರನೇ ಚಾನೆಲ್ ಕೆಟ್ಟಿದೆ, ನಾಲ್ಕನೇದು ಚೆನ್ನಾಗಿದೆ ಅಂದುಕೊಳ್ಳಿ, ಎರಡಕ್ಕೂ ಒಂದೇ ಬಗೆಯ ಸೆನ್ಸರ್ ಇದೆ. ಸೆನ್ಸರಿನ ಪವರ್ ಆಫ್ ಮಾಡಿ, ಎರಡರ ವೈರ್‌ಗಳನ್ನು ಕಾರ್ಡಿನ ಟರ್ಮಿನಲ್ ಹತ್ತಿರ ಅದಲು ಬದಲು ಮಾಡಿ, ಮತ್ತೆ ಆನ್ ಮಾಡಿ. ತೊಂದರೆ ವೈರಿನ ಜೊತೆ ನಾಲ್ಕನೇ ಚಾನೆಲ್‌ಗೆ ಹೋಯಿತಾ? ಹಾಗಾದರೆ ಕಾರ್ಡ್ ಸರಿ ಇದೆ, ಸೆನ್ಸರ್ ಅಥವಾ ಕೇಬಲ್ ಕಡೆ ಹೋಗಿ ಹುಡುಕಿ. ತೊಂದರೆ ಮೂರನೇ ಚಾನೆಲ್‌ನಲ್ಲೇ ಉಳಿಯಿತಾ? ಆಗ ಟರ್ಮಿನಲ್ ಬ್ಲಾಕ್, ಕಾರ್ಡಿಗೆ ಹೋಗುವ ಕೇಬಲ್, ಸಾಫ್ಟ್‌ವೇರ್ ಸೆಟ್ಟಿಂಗ್, ಕಾರ್ಡ್, ಈ ನಾಲ್ಕರಲ್ಲಿ ಒಂದು. ಇಷ್ಟಕ್ಕೇ ಅರ್ಧ ಕೆಲಸ ಮುಗಿಯಿತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೊಂದು ನಿಯಮ ಬಿಡಬೇಡಿ. ವೈರೂ ಬದಲಿಸಿ, ಸೆಟ್ಟಿಂಗೂ ಬದಲಿಸಿ, ಕಂಪ್ಯೂಟರನ್ನೂ ರೀಸ್ಟಾರ್ಟ್ ಮಾಡಿ, ಆಮೇಲೆ ಸರಿ ಹೋಯಿತು ಅಂದರೆ ಯಾವುದರಿಂದ ಸರಿ ಹೋಯಿತು ಅಂತ ನಿಮಗೆ ಗೊತ್ತಾಗಲ್ಲ, ಮುಂದಿನ ವಾರ ಮತ್ತೆ ಬರುತ್ತದೆ.

ಟರ್ಮಿನಲ್ ನೋಡೋದು ಸುಲಭ, ಆದರೂ ಜನ ಬಿಟ್ಟುಬಿಡುತ್ತಾರೆ. ವೈರನ್ನು ಮೆಲ್ಲಗೆ ಎಳೆದು ನೋಡಿ. ಸ್ಕ್ರೂ ಬಿಗಿಯಾಗಿದ್ದರೂ ಅದು ತಾಮ್ರದ ಬದಲು ಪ್ಲಾಸ್ಟಿಕ್ ತೊಗಟೆಯನ್ನು ಹಿಡಿದಿರಬಹುದು. ಒಂದೇ ಒಂದು ಎಳೆ ಹೊರಗೆ ಬಂದು ಪಕ್ಕದ ಟರ್ಮಿನಲ್ ತಾಗಿರಬಹುದು. 68 ಪಿನ್ನಿನ ಕೇಬಲ್ ಇದ್ದರೆ ಕನೆಕ್ಟರ್ ಬಿಚ್ಚಿ ಟಾರ್ಚ್ ಹಿಡಿದು ನೋಡಿ, ಆ ಪಿನ್‌ಗಳು ತೀರಾ ಸಣ್ಣವು, ಒಂದು ಬಾಗಿದರೆ ಒಂದೇ ಚಾನೆಲ್ ಹೋಗುತ್ತದೆ, ಉಳಿದದ್ದೆಲ್ಲ ಸರಿ ಇರುತ್ತದೆ. ಹಾಗೇ ಟರ್ಮಿನಲ್ ನಂಬರ್ ಬೇರೆ, ಚಾನೆಲ್ ನಂಬರ್ ಬೇರೆ. ಚಾನೆಲ್ ಎಣಿಕೆ ಸಾಮಾನ್ಯವಾಗಿ 0ಯಿಂದ ಶುರು, ಸ್ಕ್ರೂ ಎಣಿಕೆ 1ರಿಂದ. ಸ್ಕ್ರೂ ಎಣಿಸಿ ವೈರ್ ಹಾಕುವವರು ಇಲ್ಲೇ ಎಡವುತ್ತಾರೆ. ಕಾರ್ಡಿನ ಪಿನ್ ಚಿತ್ರ ಪ್ರಿಂಟ್ ತೆಗೆದು ಬೆಂಚಿಗೆ ಅಂಟಿಸಿ.

ಈಗ ನನಗೆ ತುಂಬಾ ಮುಖ್ಯ ಅನಿಸುವ ವಿಷಯ. "ಸೆನ್ಸರ್ ಕಿತ್ತು ಹಾಕಿದ್ದೀನಿ, ಆದರೂ ಚಾನೆಲ್ ರೀಡಿಂಗ್ ತೋರಿಸ್ತಾ ಇದೆ, ಅಂದ್ರೆ ಕೆಟ್ಟಿದೆ ಅಲ್ವಾ?" ಅಂತ ಕೇಳುತ್ತಾರೆ. ಕೆಟ್ಟಿಲ್ಲ. ಸಾಧಾರಣ ಕಾರ್ಡುಗಳಲ್ಲಿ 8 ಅಥವಾ 16 ಚಾನೆಲ್ ಇದ್ದರೂ ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಚಿಪ್ ಒಂದೇ. ಮಲ್ಟಿಪ್ಲೆಕ್ಸರ್ ಅನ್ನೋದು ಒಂದಾದ ಮೇಲೆ ಒಂದು ಚಾನೆಲ್ಲನ್ನು ಆ ಚಿಪ್ಪಿಗೆ ಜೋಡಿಸುತ್ತಾ ಹೋಗುತ್ತದೆ. ಒಳಗೆ ಸುಮಾರು 100 ಪಿಕೋಫ್ಯಾರಡ್‌ನಷ್ಟು ಕೆಪಾಸಿಟನ್ಸ್ ಇರುತ್ತದೆ. ಹಿಂದಿನ ಚಾನೆಲ್‌ನಲ್ಲಿ 5 ವೋಲ್ಟ್ ಇದ್ದರೆ ಆ ಚಾರ್ಜ್ ಅಲ್ಲೇ ಉಳಿದಿರುತ್ತದೆ, ಮುಂದಿನ ಚಾನೆಲ್‌ಗೆ ಏನೂ ಜೋಡಿಸದಿದ್ದರೆ ಅದು ಖಾಲಿಯಾಗಲು ದಾರಿ ಇಲ್ಲ, ಹಾಗಾಗಿ ಆ ಖಾಲಿ ಚಾನೆಲ್ಲೂ 5 ವೋಲ್ಟಿನ ಹತ್ತಿರ ಏನೋ ತೋರಿಸುತ್ತದೆ. ಇದನ್ನು ಗೋಸ್ಟಿಂಗ್ ಅಂತಾರೆ. ಖಾಲಿ ಚಾನೆಲ್ ಸೊನ್ನೆ ತೋರಿಸಲೇಬೇಕು ಅಂತ ಎಲ್ಲೂ ನಿಯಮ ಇಲ್ಲ. ನ್ಯಾಷನಲ್ ಇನ್‌ಸ್ಟ್ರುಮೆಂಟ್ಸ್‌ನ ಯುಎಸ್‌ಬಿ-6009 ಕಾಲೇಜು ಲ್ಯಾಬ್‌ಗಳಲ್ಲಿ ಸಿಗುವ ಪೆಟ್ಟಿಗೆ, ಅದರಲ್ಲಿ ಖಾಲಿ ಬಿಟ್ಟ ಸಿಂಗಲ್ ಎಂಡೆಡ್ (ಗ್ರೌಂಡಿಗೆ ಹೋಲಿಸಿ ಓದುವ) ಚಾನೆಲ್ ಸುಮಾರು 1.4 ವೋಲ್ಟ್ ತೋರಿಸುತ್ತದೆ, ಒಳಗಿನ ರೆಸಿಸ್ಟರ್ ಜಾಲದಿಂದ ಬರುವ ವೋಲ್ಟೇಜ್ ಅದು. ಅದನ್ನು ನೋಡಿ ಪೆಟ್ಟಿಗೆ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ.

ಸೆನ್ಸರ್ ಜೋಡಿಸಿದ್ದರೂ ಇದೇ ತೊಂದರೆ ಬರಬಹುದು, ಅದು ಇನ್ನೂ ಮೋಸದ್ದು, ಯಾಕಂದರೆ ರೀಡಿಂಗ್ ಸುಮಾರಾಗಿ ಸರಿಯೇ ಕಾಣುತ್ತದೆ. ಸೆನ್ಸರಿನ ಔಟ್‌ಪುಟ್ ರೆಸಿಸ್ಟೆನ್ಸ್ 10 ಕಿಲೋ ಓಮ್ ಇದ್ದರೆ, 100 ಪಿಕೋಫ್ಯಾರಡ್ ಜೊತೆ ಸೇರಿ 1 ಮೈಕ್ರೋಸೆಕೆಂಡಿನ ಟೈಮ್ ಕಾನ್‌ಸ್ಟೆಂಟ್ ಆಗುತ್ತದೆ. 16 ಬಿಟ್ ನಿಖರತೆಗೆ ರೀಡಿಂಗ್ ನೆಲೆಗೊಳ್ಳಲು ಅಂಥ 11 ಅವಧಿ ಬೇಕು, ಅಂದರೆ 11 ಮೈಕ್ರೋಸೆಕೆಂಡ್. ನೀವು ಸೆಕೆಂಡಿಗೆ ಎರಡೂವರೆ ಲಕ್ಷ ಸ್ಯಾಂಪಲ್ ವೇಗದಲ್ಲಿ ಓಡಿಸಿದರೆ ಒಂದು ಚಾನೆಲ್‌ಗೆ ಸಿಗೋದು 4 ಮೈಕ್ರೋಸೆಕೆಂಡ್ ಮಾತ್ರ. ಸಾಲುತ್ತಾ? ಸಾಲಲ್ಲ. ಹಾಗಾಗಿ ಪಕ್ಕದ ಚಾನೆಲ್‌ನ ನೆರಳು ಇದರ ಮೇಲೆ ಬೀಳುತ್ತದೆ. ಕಂಡುಹಿಡಿಯೋದು ಹೇಗೆ ಅಂದರೆ, ಸಾಫ್ಟ್‌ವೇರ್ ಓದುವ ಚಾನೆಲ್‌ಗಳ ಲಿಸ್ಟಿನಲ್ಲಿ ಆ ಚಾನೆಲ್ ಒಂದನ್ನೇ ಇಟ್ಟು ನಿಧಾನ ವೇಗದಲ್ಲಿ ಓದಿ. ಸರಿ ಬಂತು ಅಂದರೆ ಕಾರ್ಡ್ ಸರಿ ಇದೆ. ಆಮೇಲೆ ವೇಗ ಇಳಿಸಿ, ಇಲ್ಲಾ ಚಾನೆಲ್ ಓದುವ ಕ್ರಮ ಬದಲಿಸಿ ಒಂದೇ ಮಟ್ಟದ ವೋಲ್ಟೇಜಿನವು ಅಕ್ಕಪಕ್ಕ ಬರುವ ಹಾಗೆ ಮಾಡಿ, ಇಲ್ಲಾ ಸೆನ್ಸರಿಗೆ ಒಂದು ಬಫರ್ ಆಂಪ್ಲಿಫೈಯರ್ ಹಾಕಿ. ಒಂದು ಚಾನೆಲ್ಲನ್ನು ಗ್ರೌಂಡಿಗೆ ಶಾರ್ಟ್ ಮಾಡಿ ಲಿಸ್ಟಿನಲ್ಲಿ ಮಧ್ಯೆ ಸೇರಿಸೋದೂ ಒಳ್ಳೆ ಉಪಾಯ, ಹಿಂದಿನ ಚಾರ್ಜ್ ಅಲ್ಲಿ ಇಳಿದುಹೋಗುತ್ತದೆ. ಉಪಯೋಗಿಸದ ಚಾನೆಲ್‌ಗಳನ್ನು ಗ್ರೌಂಡಿಗೆ ಕಟ್ಟಿಹಾಕುವ ಅಭ್ಯಾಸ ಮಾಡಿಕೊಳ್ಳಿ.

ಸೆಟ್ಟಿಂಗ್‌ಗಳಲ್ಲಿ ದೊಡ್ಡ ಕಳ್ಳ ಡಿಫರೆನ್ಷಿಯಲ್ ಮೋಡ್, ಅಂದರೆ ಎರಡು ಟರ್ಮಿನಲ್ ನಡುವಿನ ವ್ಯತ್ಯಾಸವನ್ನು ಓದುವ ಸೆಟ್ಟಿಂಗ್. 16 ಚಾನೆಲ್‌ನ ಕಾರ್ಡ್‌ಗಳಲ್ಲಿ ಸಾಮಾನ್ಯವಾಗಿ ಚಾನೆಲ್ 0 ಪ್ಲಸ್ ಆದರೆ ಚಾನೆಲ್ 8 ಅದರ ಮೈನಸ್, 1ಕ್ಕೆ 9, ಹೀಗೆ ಜೋಡಿ. ಯುಎಸ್‌ಬಿ-6009ರಲ್ಲಿ 0ಕ್ಕೆ 4. ವೈರಿಂಗ್ ಮಾಡಿದವರು ಸೆನ್ಸರಿನ ಮೈನಸ್ಸನ್ನು ಗ್ರೌಂಡಿಗೆ ಹಾಕಿರುತ್ತಾರೆ, ಸಾಫ್ಟ್‌ವೇರ್‌ನಲ್ಲಿ ಮಾತ್ರ ಡಿಫರೆನ್ಷಿಯಲ್ ಅಂತ ಇರುತ್ತದೆ. ಆಗ ಮೈನಸ್ ಟರ್ಮಿನಲ್ ಗಾಳಿಯಲ್ಲಿ ತೂಗಾಡುತ್ತದೆ, ರೀಡಿಂಗ್ ಅದರ ಇಷ್ಟದಂತೆ ಓಡಾಡುತ್ತದೆ. ಪ್ರೋಗ್ರಾಮ್ ಅಪ್‌ಡೇಟ್ ಮಾಡಿದ ಮಾರನೇ ದಿನ ಚಾನೆಲ್ ಕೆಟ್ಟಿತು ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳೋದು ಇದನ್ನೇ, ಮೋಡ್ ಯಾವುದಿದೆ ಅಂತ.

ಡಿಫರೆನ್ಷಿಯಲ್ ಮೋಡ್ ಸರಿಯಾಗಿ ಹಾಕಿದ್ದರೂ ಥರ್ಮೋಕಪಲ್ (ಉಷ್ಣತೆ ಅಳೆಯುವ ಸೆನ್ಸರ್) ಅಥವಾ ಬ್ಯಾಟರಿಯ ಹಾಗೆ ಎಲ್ಲೂ ಗ್ರೌಂಡಿಗೆ ತಾಗದ ಸೆನ್ಸರ್ ಇದ್ದರೆ ಇನ್ನೊಂದು ಕೆಲಸ ಬಾಕಿ ಇದೆ. ಕಾರ್ಡಿನ ಇನ್‌ಪುಟ್‌ಗೆ ಅತಿ ಸಣ್ಣ ಕರೆಂಟ್ ಹರಿಯುತ್ತಲೇ ಇರುತ್ತದೆ, ಅದಕ್ಕೆ ವಾಪಸ್ ಹೋಗಲು ದಾರಿ ಬೇಕು. ದಾರಿ ಇಲ್ಲದಿದ್ದರೆ ಎರಡೂ ವೈರಿನ ವೋಲ್ಟೇಜ್ ನಿಧಾನವಾಗಿ ಏರುತ್ತಾ ಕೊನೆಗೆ ಕಾರ್ಡಿನ ಮಿತಿ ದಾಟುತ್ತದೆ. ಆನ್ ಮಾಡಿದ ಕೂಡಲೇ ಸರಿ ಇದ್ದು ಸ್ವಲ್ಪ ಹೊತ್ತಿಗೆ ಮೇಲೆ ಹೋಗಿ ಅಂಟಿಕೊಳ್ಳುವ ಚಾನೆಲ್ ನೋಡಿದರೆ ಇದೇ ಕಾರಣ ಅಂತ ಅನುಮಾನ ಪಡಿ. ಮೈನಸ್ ಟರ್ಮಿನಲ್‌ನಿಂದ ಕಾರ್ಡಿನ ಅನಲಾಗ್ ಗ್ರೌಂಡಿಗೆ 10ರಿಂದ 100 ಕಿಲೋ ಓಮ್ ಒಳಗಿನ ಒಂದು ರೆಸಿಸ್ಟರ್ ಹಾಕಿ. ಥರ್ಮೋಕಪಲ್‌ನ ತುದಿ ಕುಲುಮೆಗೋ ಯಂತ್ರದ ಮೈಗೋ ಬೆಸುಗೆ ಆಗಿದ್ದರೆ ಅದು ಆಗಲೇ ಗ್ರೌಂಡ್ ಆಗಿದೆ, ಅಲ್ಲಿ ಮೈನಸ್ಸನ್ನು ಮತ್ತೆ ಗ್ರೌಂಡಿಗೆ ನೇರವಾಗಿ ಕಟ್ಟಬೇಡಿ.

ಥರ್ಮೋಕಪಲ್ ಮಾತು ಬಂತು, ರೇಂಜ್ ಬಗ್ಗೆಯೂ ಹೇಳಿಬಿಡುತ್ತೇನೆ. ಕೆ ಟೈಪ್ ಥರ್ಮೋಕಪಲ್ ಒಂದು ಡಿಗ್ರಿಗೆ ಕೊಡೋದು ಸುಮಾರು 41 ಮೈಕ್ರೋವೋಲ್ಟ್. 16 ಬಿಟ್ ಕಾರ್ಡನ್ನು ಪ್ಲಸ್ ಮೈನಸ್ 10 ವೋಲ್ಟ್ ರೇಂಜಿನಲ್ಲಿ ಇಟ್ಟರೆ ಒಂದು ಮೆಟ್ಟಿಲು, ಅಂದರೆ ಕಾರ್ಡ್ ಗುರುತಿಸುವ ಅತಿ ಸಣ್ಣ ವ್ಯತ್ಯಾಸ, 0.305 ಮಿಲಿವೋಲ್ಟ್, ಅಂದರೆ ಏಳು ಡಿಗ್ರಿಗಿಂತ ಜಾಸ್ತಿ. ಉಷ್ಣತೆ ಏಳೇಳು ಡಿಗ್ರಿ ಹಾರುತ್ತದೆ, ಸೆನ್ಸರ್ ಕೆಟ್ಟಿದೆ ಅಂತ ಬೈಯುತ್ತೀರಿ. ಅದೇ ಕಾರ್ಡನ್ನು ಪ್ಲಸ್ ಮೈನಸ್ 0.2 ವೋಲ್ಟ್ ರೇಂಜಿಗೆ ತಂದರೆ ಮೆಟ್ಟಿಲು 6 ಮೈಕ್ರೋವೋಲ್ಟ್ ಆಗುತ್ತದೆ, ಒಂದು ಡಿಗ್ರಿಯ ಆರನೇ ಒಂದು ಭಾಗಕ್ಕಿಂತ ಕಡಿಮೆ. ಒಂದು ಸೆಟ್ಟಿಂಗ್ ಬದಲಿಸಿದರೆ ಮುಗಿಯಿತು.

ಸಕ್ಕರೆ ಕಾರ್ಖಾನೆಗಳಲ್ಲಿ, ಪಂಪ್ ಹೌಸ್‌ಗಳಲ್ಲಿ 4ರಿಂದ 20 ಮಿಲಿಆಂಪ್ ಟ್ರಾನ್ಸ್‌ಮಿಟರ್‌ಗಳೇ ಜಾಸ್ತಿ. ಅಲ್ಲಿ 250 ಓಮ್ ರೆಸಿಸ್ಟರ್ ಹಾಕಿ 1ರಿಂದ 5 ವೋಲ್ಟ್ ಮಾಡಿಕೊಂಡು ಓದುತ್ತೀವಿ. ರೀಡಿಂಗ್ 1 ವೋಲ್ಟಿಗಿಂತ ಕೆಳಗೆ ಬಂದರೆ ಲೂಪ್ ಕಡಿದಿದೆ ಅಥವಾ ಟ್ರಾನ್ಸ್‌ಮಿಟರಿಗೆ ಪವರ್ ಸಾಲುತ್ತಿಲ್ಲ. ಮೇಲೆ ಅಂಟಿಕೊಂಡಿದ್ದರೆ ಕೂಡಲೇ ಆ ರೆಸಿಸ್ಟರ್ ನೋಡಿ. ಅದರ ಒಂದು ಕಾಲು ಸ್ಕ್ರೂನಿಂದ ಬಿಟ್ಟುಕೊಂಡರೆ 24 ವೋಲ್ಟ್ ಪೂರ್ತಿ ಕಾರ್ಡಿನ ಮೇಲೆ ಬರುತ್ತದೆ. ಹಲವು ಕಾರ್ಡ್‌ಗಳು ಆನ್ ಇದ್ದಾಗ 25 ವೋಲ್ಟ್ ತನಕ ತಡೆಯುತ್ತವೆ, ಆಫ್ ಇದ್ದಾಗ 15 ವೋಲ್ಟ್ ತನಕ ಮಾತ್ರ. ಸಂಜೆ ಕಂಪ್ಯೂಟರ್ ಆಫ್ ಮಾಡಿ, 24 ವೋಲ್ಟ್ ಸಪ್ಲೈ ಹಾಗೇ ಬಿಟ್ಟು ಮನೆಗೆ ಹೋದರೆ ನಿಜವಾಗಿಯೂ ಚಾನೆಲ್ ಸುಟ್ಟುಹೋಗುವ ದಾರಿ ಇದು. ಲೂಪಿನ ಸಪ್ಲೈ ಮೊದಲು ಆಫ್, ಆಮೇಲೆ ಕಂಪ್ಯೂಟರ್. ಬೆಳಿಗ್ಗೆ ತಿರುಗುಮುರುಗು.

ರೀಡಿಂಗ್ ಜಿಗಿಯುತ್ತಿದ್ದರೆ 50 ಹರ್ಟ್ಜ್ ಇದೆಯಾ ನೋಡಿ. ಸೆಕೆಂಡಿಗೆ 1000 ಸ್ಯಾಂಪಲ್ ತೆಗೆದು ಗ್ರಾಫ್ ಹಾಕಿದರೆ 20 ಸ್ಯಾಂಪಲ್‌ಗೆ ಒಂದು ಅಲೆ ಕಾಣುತ್ತದೆ. ಸೆಕೆಂಡಿಗೆ 10 ಸ್ಯಾಂಪಲ್ ಮಾತ್ರ ತೆಗೆಯುವವರಿಗೆ ಇದು ಬೇರೆ ವೇಷದಲ್ಲಿ ಬರುತ್ತದೆ: ಲೈನ್ 49.95 ಹರ್ಟ್ಜ್ ಇದ್ದರೆ ನಿಮ್ಮ ಗ್ರಾಫಿನಲ್ಲಿ 20 ಸೆಕೆಂಡಿಗೊಂದು ಸಾವಕಾಶದ ಅಲೆ ಕಾಣುತ್ತದೆ, ಒತ್ತಡವೇ ಏರಿಳಿಯುತ್ತಿದೆ ಅಂತ ನಂಬಿಬಿಡುತ್ತೀರಿ. ಹಾಗಾಗಿ ಅನುಮಾನ ಬಂದಾಗ ಒಮ್ಮೆ ವೇಗವಾಗಿ ಓದಿ ನೋಡಲೇಬೇಕು. ಲ್ಯಾಪ್‌ಟಾಪ್ ಇದ್ದರೆ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ, ಗದ್ದಲ ಕಡಿಮೆಯಾದರೆ ಗ್ರೌಂಡ್ ಲೂಪ್ (ಎರಡು ಕಡೆ ಗ್ರೌಂಡ್ ಆಗಿ ನಡುವೆ ಕರೆಂಟ್ ಸುತ್ತುವುದು) ಇರಬಹುದು. ಶೀಲ್ಡನ್ನು ಒಂದೇ ತುದಿಯಲ್ಲಿ ಗ್ರೌಂಡ್ ಮಾಡಿ. ಇಂಡಕ್ಷನ್ ಫರ್ನೇಸ್ ಅಥವಾ ಮೋಟರ್ ಡ್ರೈವ್ ಇರುವ ಶೆಡ್ಡಿನಲ್ಲಿ ಸಿಗ್ನಲ್ ಕೇಬಲ್ಲನ್ನು ಪವರ್ ಕೇಬಲ್ ಜೊತೆ ಒಂದೇ ಟ್ರೇಯಲ್ಲಿ ಎಳೆಯಬೇಡಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಯನ್ನೂ ನೋಡಿ. ವಿಜಯಪುರ, ಬಾಗಲಕೋಟೆ ಕಡೆ ಎರೆ ಮಣ್ಣು ಒಣಗಿ ಬಿರುಕು ಬಿಟ್ಟಾಗ ರಾಡಿನ ಸುತ್ತ ಮಣ್ಣು ಹಿಡಿತ ಬಿಡುತ್ತದೆ, ಗುಂಡಿಗೆ ನೀರು ಹಾಕಿದರೆ ಅರ್ಥಿಂಗ್ ಎಷ್ಟೋ ಸುಧಾರಿಸುತ್ತದೆ.

ಬೆಳಗಾವಿಯಲ್ಲಿ ಇದರ ಉಲ್ಟಾ, ಇಲ್ಲಿ ಮಳೆಗಾಲವೇ ಕಷ್ಟ. ಫೌಂಡ್ರಿ ಧೂಳಿನಲ್ಲಿ ಕಬ್ಬಿಣದ ಪುಡಿ, ಇದ್ದಿಲ ಪುಡಿ ಎರಡೂ ಇರುತ್ತವೆ. ಅದು ಟರ್ಮಿನಲ್ ಬ್ಲಾಕ್ ಮೇಲೆ ಕೂತು, ಜೂನ್ ಜುಲೈನ ಥಂಡಿ ಹವೆಗೆ ತೇವ ಹಿಡಿದರೆ ಎರಡು ಸ್ಕ್ರೂಗಳ ನಡುವೆ ಕರೆಂಟ್ ಸೋರಲು ಶುರುವಾಗುತ್ತದೆ. ಬೆಳಿಗ್ಗೆ ರೀಡಿಂಗ್ ತಪ್ಪು, ಮಧ್ಯಾಹ್ನ ಪೆಟ್ಟಿಗೆ ಬಿಸಿಯಾದ ಮೇಲೆ ಸರಿ, ಹೀಗಿದ್ದರೆ ಇದೇ. ಪವರ್ ಆಫ್ ಮಾಡಿ, ಮೆತ್ತಗಿನ ಬ್ರಷ್‌ನಿಂದ ಧೂಳು ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಅದರಲ್ಲಿ ನೀರೂ ಎಣ್ಣೆಯೂ ಇರುತ್ತವೆ.

ಇಷ್ಟೆಲ್ಲ ಆದ ಮೇಲೂ ತೊಂದರೆ ಚಾನೆಲ್‌ನಲ್ಲೇ ಇದ್ದರೆ ಈಗ ಕಾರ್ಡನ್ನು ಪರೀಕ್ಷೆ ಮಾಡುವ ಹೊತ್ತು. ಹೊರಗಿನ ಎಲ್ಲ ವೈರ್ ಬಿಚ್ಚಿ. ಕಾರ್ಡಿನ ಸಾಫ್ಟ್‌ವೇರ್‌ನಲ್ಲಿ ರೀಸೆಟ್, ಸೆಲ್ಫ್ ಟೆಸ್ಟ್ ಇದ್ದರೆ ಓಡಿಸಿ, ಅರ್ಧ ಗಂಟೆ ಬೆಚ್ಚಗಾಗಲು ಬಿಟ್ಟು ಸೆಲ್ಫ್ ಕ್ಯಾಲಿಬ್ರೇಷನ್ ಮಾಡಿ. ಸೆಲ್ಫ್ ಟೆಸ್ಟ್ ಪಾಸಾದ ಮಾತ್ರಕ್ಕೆ ಪ್ರತಿ ಚಾನೆಲ್ ಸರಿ ಇದೆ ಅಂತ ಅರ್ಥ ಅಲ್ಲ, ಅದು ಕಾರ್ಡ್ ಕಂಪ್ಯೂಟರ್ ಜೊತೆ ಮಾತಾಡುತ್ತಿದೆ ಅನ್ನೋದಷ್ಟೇ ಹೇಳುತ್ತದೆ. ಆಮೇಲೆ ಸಿಂಗಲ್ ಎಂಡೆಡ್ ಮೋಡ್‌ಗೆ ಬಂದು, ಒಂದೇ ಚಾನೆಲ್ ಇಟ್ಟು, ನಿಧಾನ ವೇಗದಲ್ಲಿ ಓದಿ. ಚಾನೆಲ್ಲನ್ನು ಗಿಡ್ಡ ವೈರಿನಿಂದ ಗ್ರೌಂಡಿಗೆ ಶಾರ್ಟ್ ಮಾಡಿ: ಸೊನ್ನೆಯ ಆಸುಪಾಸು, ಒಂದೆರಡು ಮೆಟ್ಟಿಲಿನ ಒಳಗೆ ಬರಬೇಕು, ಪ್ಲಸ್ ಮೈನಸ್ 10 ವೋಲ್ಟ್ ರೇಂಜಿನ 12 ಬಿಟ್ ಕಾರ್ಡಿನಲ್ಲಿ ಒಂದು ಮೆಟ್ಟಿಲು 4.88 ಮಿಲಿವೋಲ್ಟ್ ಅನ್ನೋದು ನೆನಪಿರಲಿ. ಆಮೇಲೆ ಸೆಲ್ ಜೋಡಿಸಿ, ಮಲ್ಟಿಮೀಟರಿನ ಅಂಕಿಗೆ ಹೋಲಿಸಿ. ಆಮೇಲೆ ಅದೇ ಸೆಲ್ಲನ್ನು 10 ಕಿಲೋ ಓಮ್ ರೆಸಿಸ್ಟರ್ ಮೂಲಕ ಜೋಡಿಸಿ, ಅಂಕಿ ಬದಲಾಯಿತಾ ನೋಡಿ.

ಇನ್ನು ಕೊನೆಯ ಪರೀಕ್ಷೆ, ಅರ್ಧಂಬರ್ಧ ಸತ್ತ ಚಾನೆಲ್ಲನ್ನು ಹಿಡಿದುಕೊಡುವುದು ಇದೇ. ಸೆಲ್ ತೆಗೆದು, ಚಾನೆಲ್‌ನಿಂದ ಗ್ರೌಂಡಿಗೆ 1 ಮೆಗಾ ಓಮ್ ರೆಸಿಸ್ಟರ್ ಹಾಕಿ. ಒಳ್ಳೆ ಚಾನೆಲ್‌ನಲ್ಲಿ ಸೋರುವ ಕರೆಂಟ್ ನ್ಯಾನೊಆಂಪ್‌ಗಿಂತ ತುಂಬಾ ಕಡಿಮೆ, ರೀಡಿಂಗ್ ಸೊನ್ನೆ ಬಿಟ್ಟು ಕದಲಲ್ಲ. ಹೆಚ್ಚು ವೋಲ್ಟೇಜ್ ಬಿದ್ದು ಒಳಗಿನ ಚಿಪ್ ಗಾಯಗೊಂಡಿದ್ದರೆ ಸೋರಿಕೆ ಎಷ್ಟೋ ಪಟ್ಟು ಜಾಸ್ತಿ ಆಗಿರುತ್ತದೆ, 5 ನ್ಯಾನೊಆಂಪ್ ಸೋರಿದರೆ 5 ಮಿಲಿವೋಲ್ಟ್ ಕಾಣುತ್ತದೆ. ಸೆಲ್ ನೇರ ಹಾಕಿದಾಗ ಇದು ಗೊತ್ತೇ ಆಗಲ್ಲ, ಸೆಲ್ ಅಷ್ಟು ಕರೆಂಟನ್ನು ಸುಲಭವಾಗಿ ಕೊಟ್ಟುಬಿಡುತ್ತದೆ. ಯುಎಸ್‌ಬಿ-6009ರಂಥ ಪೆಟ್ಟಿಗೆಗಳ ಇನ್‌ಪುಟ್ 144 ಕಿಲೋ ಓಮ್ ಮಾತ್ರ, ಅಲ್ಲಿ ರೆಸಿಸ್ಟರ್ ಹಾಕಿದರೆ ಒಳ್ಳೆ ಚಾನೆಲ್ಲಿನ ರೀಡಿಂಗೂ ಸರಿಯುತ್ತದೆ. ಹಾಗಾಗಿ ಯಾವ ಕಾರ್ಡ್ ಆಗಲಿ, ಇದೇ ಪರೀಕ್ಷೆಯನ್ನು ಪಕ್ಕದ ಒಳ್ಳೆ ಚಾನೆಲ್ ಮೇಲೂ ಮಾಡಿ, ಎರಡನ್ನೂ ಪಕ್ಕಪಕ್ಕ ಬರೆದು ನೋಡಿ. ಎರಡೂ ಒಂದೇ ಥರ ಇದ್ದರೆ ಚಾನೆಲ್ ಬದುಕಿದೆ.

ಬೇರೆ ಬೇರೆ ಬಂದರೆ ಮಾತ್ರ ಚಾನೆಲ್ ಹೋಗಿದೆ ಅಂತ ಬರೆಯಿರಿ. ಆಗಲೂ ಕಾರ್ಡ್ ಪೂರ್ತಿ ಬಿಸಾಡಬೇಕಾಗಿಲ್ಲ. ಆ ಚಾನೆಲ್ಲನ್ನು ಓದುವ ಲಿಸ್ಟಿನಿಂದ ತೆಗೆದು, ಅದರ ಟರ್ಮಿನಲ್ಲನ್ನು ಗ್ರೌಂಡಿಗೆ ಕಟ್ಟಿ, ಮೇಲೆ ಕೆಂಪು ಟೇಪ್ ಅಂಟಿಸಿ. ಡಿಫರೆನ್ಷಿಯಲ್ ಬಳಸುತ್ತಿದ್ದರೆ ಅದರ ಜೋಡಿಯನ್ನೂ ಬಿಟ್ಟುಬಿಡಿ. ಉಳಿದ ಚಾನೆಲ್‌ಗಳನ್ನು ಒಂದೊಂದಾಗಿ ಸೆಲ್ ಹಿಡಿದು ನೋಡಿ, ಗಾಯಗೊಂಡ ಚಿಪ್ ಅಕ್ಕಪಕ್ಕದವನ್ನೂ ಕೆಡಿಸಬಹುದು, ಹಾಗೆ ಕಂಡರೆ ಆಗ ಹೊಸ ಕಾರ್ಡಿಗೆ ಬರೆಯಿರಿ. ಸೆನ್ಸರಿನ ವೈರನ್ನು ಇನ್ನೊಂದು ಚಾನೆಲ್‌ಗೆ ಹಾಕುವ ಮುಂಚೆ ಆ ವೈರಿನ ತುದಿಯಲ್ಲಿ ಎಷ್ಟು ವೋಲ್ಟ್ ಇದೆ ಅಂತ ಡಿಸಿಯಲ್ಲೂ ಎಸಿಯಲ್ಲೂ ಮೀಟರ್ ಹಿಡಿದು ನೋಡಿ, ಪಕ್ಕದ ಮೋಟರ್ ಆನ್ ಆಫ್ ಮಾಡಿಸಿ ಮತ್ತೊಮ್ಮೆ ನೋಡಿ. ಹಳೇ ಚಾನೆಲ್ಲನ್ನು ಕೊಂದದ್ದು ಇನ್ನೂ ಆ ವೈರಿನಲ್ಲೇ ಕೂತಿರಬಹುದು.